ಹೊಸಿಲು ದಾಟಿದ ಹಾಡು

ಬೆಂಗಳೂರಿನಿಂದ ಅರಸೀಕೆರೆಯತ್ತ ಹೋಗುವ ರೈಲು ತುಮಕೂರು, ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ಹಳಿಯ ಎರಡೂ ಕಡೆ ತೆಂಗಿನ ತೋಟಗಳು ಒತ್ತಾಗುತ್ತ ಬರುತ್ತವೆ. ಅಲ್ಲಿ ಸಿಗುವ ಒಂದು ಸಣ್ಣ ನಿಲ್ದಾಣದ ಹೆಸರು ಸಂಪಿಗೆ ರೋಡ್. ಅದರ ನಂತರದ್ದು ಅಮ್ಮಸಂದ್ರ. ಹೊರಗಿನವರಿಗೆ ಅಮ್ಮಸಂದ್ರವೆಂದರೆ ಸಿಮೆಂಟ್ ಕಾರ್ಖಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ಕೊಬ್ಬರಿ. ಕನ್ನಡ ನಾಡಿನ ಪ್ರಾರ್ಥನಾಗೀತೆಗಳ ಚರಿತ್ರೆಗೂ ಈ ಸೀಮೆಗೂ ಒಂದು ನಂಟು ಇದೆ ಎಂಬುದು ಮಾತ್ರ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ.

ಸಂಪಿಗೆ ರೋಡ್ ನಿಲ್ದಾಣಕ್ಕೆ ಹೆಸರು ಕೊಟ್ಟ ಸಂಪಿಗೆ, ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. 1884ರ ಜನವರಿ 3ರಂದು ಅಲ್ಲಿ ಹುಟ್ಟಿದ ಮಗುವೇ ಮುಂದೆ ‘ಕನ್ನಡದ ಕಣ್ವ’ ಎನಿಸಿಕೊಂಡ ಬಿ.ಎಂ. ಶ್ರೀಕಂಠಯ್ಯ. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಈ ಮೇಷ್ಟ್ರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊರತಂದರು. ಅದರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರು ಬರೆದ ಒಂದು ಪ್ರಾರ್ಥನೆಯೂ ಕನ್ನಡಕ್ಕೆ ಬಂದಿತ್ತು. ದಾರಿ ಕಾಣದ ಕತ್ತಲಲ್ಲಿ ಬೆಳಕಿಗೆ ಮೊರೆಯಿಡುವ ಆ ಪ್ರಾರ್ಥನೆಯನ್ನು ಕನ್ನಡ ಶಾಲೆಗಳ ಅಂಗಳದಲ್ಲಿ ಸಾಲಾಗಿ ನಿಂತು ಹಾಡಿದ ಎಷ್ಟೋ ಮಕ್ಕಳಿಗೆ ಅದು ಚರ್ಚಿನ ಗೀತೆ ಎಂಬುದೇ ತಿಳಿದಿರಲಿಲ್ಲ. ತಿಳಿದ ಮೇಲೂ ಅದನ್ನು ಪರಕೀಯವೆಂದು ಯಾರೂ ದೂರವಿಡಲಿಲ್ಲ.

ಒಂದು ಧರ್ಮದ ಪ್ರಾರ್ಥನೆ ಇನ್ನೊಂದು ನಾಡಿನ ಎಲ್ಲರ ಪ್ರಾರ್ಥನೆಯಾದದ್ದು ಹೇಗೆ? ಅನುವಾದದ ಸೊಗಸೊಂದೇ ಕಾರಣವಲ್ಲ. ಕನ್ನಡದ ಕೊರಳು ಇಂಥ ಹಾಡಿಗೆ ಮೊದಲೇ ಸಿದ್ಧವಾಗಿತ್ತು. ಆ ಸಿದ್ಧತೆಯ ಹಿಂದೆ ಎಂಟು ಶತಮಾನಗಳ ಕಥೆಯಿದೆ.

ಕೇಳುವವರೇ ಹಾಡುವವರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದ ಶರಣರು ದೇವರೊಡನೆ ಆಡಿದ ಮಾತು ಸಂಸ್ಕೃತದಲ್ಲಿರಲಿಲ್ಲ, ಆಡುಗನ್ನಡದಲ್ಲಿತ್ತು. ವಚನಗಳ ಜೊತೆಜೊತೆಗೆ ರಾಗ ಹಾಕಿ ಹಾಡುವ ಸ್ವರವಚನಗಳೂ ಬಂದವು. ಮುಂದೆ ಈ ವಚನಗಳನ್ನು ಒಟ್ಟುಗೂಡಿಸಿ ಉಳಿಸಿದವರಲ್ಲಿ ತುಮಕೂರು ಸೀಮೆಯವರ ಪಾಲು ದೊಡ್ಡದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಸ್ವತಃ ವಚನಕಾರರು. ‘ಶೂನ್ಯಸಂಪಾದನೆ’ಯನ್ನು ಕೊನೆಯದಾಗಿ ಪರಿಷ್ಕರಿಸಿದ ಸಿದ್ಧವೀರಣ್ಣೊಡೆಯರು ತುಮಕೂರಿಗೆ ಹತ್ತಿರದ ಗೂಳೂರಿನವರು.

ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಹರಿದಾಸರು ಬಂದರು. ಮುಳುಬಾಗಿಲಿನ ಶ್ರೀಪಾದರಾಜರು, ವಿಜಯನಗರದ ವ್ಯಾಸರಾಯರು ಮಠಾಧಿಪತಿಗಳಾಗಿದ್ದೂ ಕನ್ನಡದಲ್ಲಿ ಪದ ಕಟ್ಟಿದರು. ವ್ಯಾಪಾರ ಬಿಟ್ಟು ಬಂದ ಪುರಂದರದಾಸರು, ಬಾಡದ ಕನಕದಾಸರು ಆ ಪದಗಳನ್ನು ಬೀದಿಗೆ ತಂದರು. ತಂಬೂರಿ, ತಾಳ, ಕಾಲಿಗೆ ಗೆಜ್ಜೆ, ಹೆಗಲಿಗೆ ಗೋಪಾಳದ ಜೋಳಿಗೆ. ಇಷ್ಟರಲ್ಲಿ ದಾಸರ ಸಂಸಾರ ಮುಗಿಯುತ್ತಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಹೆಳವನಕಟ್ಟೆ ಗಿರಿಯಮ್ಮನಂಥ ಹೆಂಗಸರೂ ಪದ ಕಟ್ಟುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಸ್ಲಿಂ ಮನೆತನದಲ್ಲಿ ಹುಟ್ಟಿ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಶಿಶುನಾಳ ಷರೀಫರು ತತ್ವಪದಗಳನ್ನು ಹಾಡಿದರು.

ಈ ಪದಗಳೆಲ್ಲ ಓದು ಬಾರದವರ ನಡುವೆ ಉಳಿದದ್ದಕ್ಕೆ ಅವುಗಳ ಕಟ್ಟೇ ಕಾರಣ. ಪದಕ್ಕೆ ಒಂದು ಪಲ್ಲವಿ, ಆಮೇಲೆ ಚರಣಗಳು. ಮುಂದೆ ಹಾಡುವವನು ಚರಣ ಹೇಳಿ ಮುಗಿಸುತ್ತಲೇ ಹಿಂದೆ ಕೂತವರೆಲ್ಲ ಪಲ್ಲವಿ ಹಿಡಿಯುತ್ತಾರೆ. ಪಲ್ಲವಿ ಚಿಕ್ಕದು, ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ನಾಲ್ಕಾರು ರಾತ್ರಿ ಹಾಡಿದರೆ ಚರಣಗಳೂ ಬಂದುಬಿಡುತ್ತವೆ. ಕೊನೆಯ ಚರಣದಲ್ಲಿ ಕವಿಯ ಅಂಕಿತ. ಪುರಂದರದಾಸರಿಗೆ ‘ಪುರಂದರವಿಠಲ’, ಕನಕದಾಸರಿಗೆ ‘ಕಾಗಿನೆಲೆಯಾದಿಕೇಶವ’. ಪುಸ್ತಕವೇ ಇಲ್ಲದ ಕಡೆ ಈ ಅಂಕಿತವೇ ಹಾಡಿನ ಮುಖಪುಟ. ಹೀಗೆ ಕೇಳಲು ಬಂದವರೇ ಹಾಡುವವರಾದರು. ಕಛೇರಿಗೂ ಭಜನೆಗೂ ಇರುವ ವ್ಯತ್ಯಾಸ ಇದೇ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ರಾಮಮಂದಿರ ಅಥವಾ ಭಜನೆ ಮನೆ ಎಂದು ಕರೆಯುವ ಒಂದಂಕಣದ ಕಟ್ಟಡಗಳನ್ನು ಈಗಲೂ ಕಾಣಬಹುದು. ಶ್ರಾವಣದ ಶನಿವಾರ, ರಾಮನವಮಿ, ಶಿವರಾತ್ರಿಯ ಜಾಗರಣೆ, ಧನುರ್ಮಾಸದ ಚಳಿಯ ಬೆಳಗಿನ ಜಾವ ಇವೆಲ್ಲ ಭಜನೆಯ ಕಾಲ. ಒಂದು ಹಾರ್ಮೋನಿಯಂ, ಒಂದು ತಬಲ ಅಥವಾ ದಮ್ಮಡಿ, ನಾಲ್ಕು ಜೊತೆ ತಾಳ ಸಾಕು. ಅಲ್ಲಿ ಒಂದೇ ರಾತ್ರಿಯಲ್ಲಿ ದಾಸರ ಪದ, ವಚನ, ತತ್ವಪದ ಮೂರೂ ನಡೆಯುತ್ತವೆ. ಪಂಡಿತರ ವಾದದಲ್ಲಿ ಎದುರುಬದುರಾದ ಮತಗಳು ಭಜನೆಯ ಚಾಪೆಯ ಮೇಲೆ ಒಂದರ ಹಿಂದೆ ಒಂದು ಬಂದು ಕೂರುತ್ತವೆ.

ಪುರಂದರರ ಕಾಲದ ಇನ್ನೊಬ್ಬ

ಕುತೂಹಲದ ಸಂಗತಿಯೊಂದಿದೆ. ಪರಂಪರೆಯ ಲೆಕ್ಕದಂತೆ ಪುರಂದರದಾಸರು ಹುಟ್ಟಿದ್ದು 1484ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಹುಟ್ಟಿದ್ದರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ. ಆದರೆ ಇಬ್ಬರೂ ಹಿಡಿದ ದಾರಿಯಲ್ಲಿ ಹೋಲಿಕೆ ಇದೆ. ಅಲ್ಲಿಯವರೆಗೆ ಯೂರೋಪಿನ ಚರ್ಚುಗಳಲ್ಲಿ ಪೂಜೆಯ ಹಾಡೆಂದರೆ ಬಹುಮಟ್ಟಿಗೆ ಲ್ಯಾಟಿನ್ ಭಾಷೆಯದು. ಹಾಡುವವರು ಪಾದ್ರಿಗಳು ಮತ್ತು ತರಬೇತಾದ ಗಾಯಕರು. ಲೂಥರ್ ಜರ್ಮನ್ ಭಾಷೆಯಲ್ಲಿ ಗೀತೆ ಬರೆದು ಜನರ ಬಾಯಿಗೆ ಕೊಟ್ಟರು. ಅವರ ಬಳಗದ ಮೊದಲ ಗೀತಪುಸ್ತಕಗಳು ಅಚ್ಚಾದದ್ದು 1524ರಲ್ಲಿ.

ಇಂಗ್ಲೆಂಡಿನಲ್ಲಿ ಈ ಬದಲಾವಣೆ ತಡವಾಗಿ ಬಂತು. ಬೈಬಲಿನ ಕೀರ್ತನೆಗಳನ್ನು ಪದ್ಯವಾಗಿಸಿ ಹಾಡುವುದಷ್ಟೇ ಅಲ್ಲಿ ವಾಡಿಕೆಯಾಗಿತ್ತು. 1707ರಲ್ಲಿ ಐಸಾಕ್ ವಾಟ್ಸ್ ತಮ್ಮ ಗೀತಸಂಕಲನ ತಂದರು. ಆಮೇಲೆ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಸಹೋದರರು ಹುಟ್ಟುಹಾಕಿದ ಮೆಥಡಿಸ್ಟ್ ಪಂಥವಂತೂ ಹಾಡಿನ ಮೇಲೆಯೇ ನಿಂತಿತು. ಚಾರ್ಲ್ಸ್ ವೆಸ್ಲಿ ಬರೆದ ಗೀತೆಗಳು ಆರು ಸಾವಿರಕ್ಕೂ ಹೆಚ್ಚು. ಗಣಿಯ ಕೂಲಿಗಳು, ನೇಕಾರರು, ಮನೆಗೆಲಸದ ಹೆಂಗಸರು ಬಯಲಿನಲ್ಲಿ ಸೇರಿ ಅವನ್ನು ಹಾಡಿದರು. ಅಕ್ಷರ ಕಲಿಯುವ ಆಸೆ ಅವರಲ್ಲಿ ಅನೇಕರಿಗೆ ಹುಟ್ಟಿದ್ದು ಗೀತಪುಸ್ತಕ ಓದಲೆಂದೇ.

ಗುಬ್ಬಿಗೆ ಬಂದ ಪಾದ್ರಿಗಳು

ಅದೇ ವೆಸ್ಲಿ ಪಂಥದ ಮಿಷನರಿಗಳು 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿದರು. ಥಾಮಸ್ ಹಾಡ್ಸನ್ ಅಲ್ಲಿ ಕೆಲಸ ಆರಂಭಿಸಿದವರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ತಮ್ಮ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ರೈಲು ಇನ್ನೂ ಈ ಕಡೆ ಬಂದಿರದ ಆ ಕಾಲದಲ್ಲಿ, ಇಂಗ್ಲೆಂಡಿನ ಬಯಲಿನ ಹಾಡು ತೆಂಗಿನ ಸೀಮೆಯ ಬಾಗಿಲಿಗೆ ಬಂದು ನಿಂತಿತ್ತು.

ಕರಾವಳಿಯಲ್ಲಿ ಬಾಸೆಲ್ ಮಿಷನ್ ಇನ್ನೂ ದೊಡ್ಡ ಕೆಲಸ ಮಾಡಿತು. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರೆಂಬುದು ಎಲ್ಲರಿಗೂ ಗೊತ್ತು. 1850ರಲ್ಲಿ ಅವರು ‘ದಾಸರ ಪದಗಳು’ ಎಂಬ ಸಂಕಲನವನ್ನು ಅಚ್ಚು ಹಾಕಿಸಿದರೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಮುನ್ನೂರು ವರ್ಷ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದ ಪುರಂದರ, ಕನಕರ ಪದಗಳು ಪುಸ್ತಕವಾಗಿ ಹೊರಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆಂದು ಬಂದ ಜರ್ಮನ್ ಪಾದ್ರಿಯ ಕೈಯಿಂದ!

ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಇನ್ನೊಂದು ಹೆಜ್ಜೆ ಮುಂದಿಟ್ಟರು. 1894ರ ಕನ್ನಡ–ಇಂಗ್ಲಿಷ್ ನಿಘಂಟಿನಿಂದ ಅವರ ಹೆಸರು ಉಳಿದಿದೆ. ಅದಕ್ಕೂ ಬಹಳ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಬರೆದರು. ಕ್ರಿಸ್ತನ ಬದುಕನ್ನು ಯೂರೋಪಿನ ಧಾಟಿಯಲ್ಲಿ ಹೇಳದೆ ಕನ್ನಡದ ಛಂದಸ್ಸಿನಲ್ಲಿ ಹೇಳಿದ ಕೃತಿ ಅದು. ಈ ನೆಲದವರಿಗೆ ಯಾವ ಮಾತೂ ಹಾಡಿನ ಮೂಲಕವೇ ತಾಕುತ್ತದೆಂಬ ತಿಳಿವಳಿಕೆ ಅದರ ಹಿಂದಿತ್ತು. ಒಂದು ಕಡೆಯಿಂದ ಹರಿದಾಸರ ಪದ ಮಿಷನ್ ಮುದ್ರಣಾಲಯ ಹೊಕ್ಕರೆ, ಇನ್ನೊಂದು ಕಡೆಯಿಂದ ಏಸುವಿನ ಕಥೆ ಕನ್ನಡದ ಧಾಟಿ ಹೊಕ್ಕಿತು.

ಕಿತ್ತಳೆ ಹಡಗಿನಿಂದ ಸಂಪಿಗೆಯವರೆಗೆ

ಇನ್ನು ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಆ ಪ್ರಾರ್ಥನೆಯ ವಿಷಯ. 1833ರ ಜೂನ್ ತಿಂಗಳು. ಸಿಸಿಲಿಯಲ್ಲಿ ಜ್ವರ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ ಮೂವತ್ತೆರಡು ವರ್ಷದ ಪಾದ್ರಿ ಜಾನ್ ಹೆನ್ರಿ ನ್ಯೂಮನ್, ಊರು ಸೇರುವ ತವಕದಿಂದ ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದನ್ನು ಹತ್ತಿದ್ದರು. ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ನಡುವೆ ಗಾಳಿ ನಿಂತು ಹಡಗೂ ನಿಂತಿತು. ಹಾಯಿ ಹಡಗಿಗೆ ಗಾಳಿಯಿಲ್ಲದಿದ್ದರೆ ಗತಿಯಿಲ್ಲ. ಆ ಕಾಯುವಿಕೆಯಲ್ಲಿ ಬರೆದದ್ದು ಮೂರು ಪದ್ಯಗಳ ಈ ಕವಿತೆ. ನ್ಯೂಮನ್ ಅದನ್ನು ಹಾಡಲೆಂದು ಬರೆದಿರಲಿಲ್ಲ. 1865ರ ಸುಮಾರಿಗೆ ಜಾನ್ ಡೈಕ್ಸ್ ಅದಕ್ಕೆ ಧಾಟಿ ಕಟ್ಟಿದ ಮೇಲೆ ಅದು ಇಂಗ್ಲೆಂಡಿನ ಮನೆಮಾತಾಯಿತು. ಮುಂದೆ ಕ್ಯಾಥೊಲಿಕ್ ಪಂಥಕ್ಕೆ ಸೇರಿ ಕಾರ್ಡಿನಲ್ ಆದ ನ್ಯೂಮನ್‌ರನ್ನು 2019ರಲ್ಲಿ ಸಂತರೆಂದು ಘೋಷಿಸಲಾಯಿತು.

1909ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಲಿ ಎಂಬಲ್ಲಿ ಕಲ್ಲಿದ್ದಲ ಗಣಿ ಸ್ಫೋಟಿಸಿ 168 ಮಂದಿ ಸತ್ತರು. ನೆಲದೊಳಗೆ ಕತ್ತಲಲ್ಲಿ ಸಿಕ್ಕಿಕೊಂಡಿದ್ದ ಕೆಲವರು ಈ ಪ್ರಾರ್ಥನೆಯನ್ನೇ ಹಾಡಿಕೊಂಡು ಕಾದರೆಂದು ಬದುಕಿ ಬಂದವರು ಹೇಳಿದರು. ಭಾರತದಲ್ಲಿ ಇದು ಗಾಂಧೀಜಿಯವರ ಮೆಚ್ಚಿನ ಪ್ರಾರ್ಥನೆಗಳಲ್ಲೊಂದು. ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಅನುವಾದ ಆಶ್ರಮದ ಭಜನಾವಳಿಯಲ್ಲಿ ಸೇರಿತು.

ನ್ಯೂಮನ್ನರ ಮೂರು ಪದ್ಯಗಳಲ್ಲಿ ಕ್ರಿಸ್ತನ ಹೆಸರು ಒಮ್ಮೆಯೂ ಬರುವುದಿಲ್ಲ; ಅಲ್ಲಿ ಕರೆಯುವುದು ಬೆಳಕನ್ನು. ಕತ್ತಲು ಬೆಳಕುಗಳ ಪ್ರಾರ್ಥನೆ ಉಪನಿಷತ್ತಿನ ಕಾಲದಿಂದಲೂ ಈ ನೆಲಕ್ಕೆ ಹೊಸದಲ್ಲ. ಹಾಗಾಗಿ ಅರ್ಥದ ಮಟ್ಟಿಗೆ ದಾರಿ ಸುಗಮವಾಗಿತ್ತು. ಕಷ್ಟವಿದ್ದದ್ದು ಕಟ್ಟಿನಲ್ಲಿ. ಕನ್ನಡ ಪದ್ಯವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸವಾಗಬೇಕೆಂಬ ಹಳೆಯ ಕಟ್ಟಳೆಯಿತ್ತು. ಶ್ರೀಕಂಠಯ್ಯನವರು ಅದನ್ನು ಸಡಿಲಿಸಿದರು. ಮಾತ್ರೆಗಳ ಲೆಕ್ಕವನ್ನು ಮಾತ್ರ ಬಿಡಲಿಲ್ಲ. ಅವರ ಅನುವಾದ ನಡೆಯುವುದು ಬಹುಮಟ್ಟಿಗೆ ಐದೈದು ಮಾತ್ರೆಗಳ ಹೆಜ್ಜೆಯಲ್ಲಿ. ಹರಿಹರನ ಲಲಿತ ರಗಳೆಯದೂ ಅದೇ ಹೆಜ್ಜೆ. ಸಂಗೀತದ ಖಂಡಛಾಪು ತಾಳದ ಎಣಿಕೆಯೂ ಐದೇ. ಹೊಸ ಪ್ರಾರ್ಥನೆ ಬಾಯಿಗೆ ಬಂದಾಗ ಕನ್ನಡಿಗರಿಗೆ ಹಳೆಯದನ್ನೇ ಹಾಡಿದಂತೆ ಅನಿಸಿದ್ದರೆ ಆಶ್ಚರ್ಯವಿಲ್ಲ.

‘ಇಂಗ್ಲಿಷ್ ಗೀತಗಳು’ ನವೋದಯ ಕಾವ್ಯದ ಬಾಗಿಲು ತೆರೆಯಿತೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ್ದ ಶ್ರೀಕಂಠಯ್ಯನವರು, ಆ ಬಗೆಯನ್ನು ತಾವೇ ಮಾಡಿ ತೋರಿಸಿದಂತಾಯಿತು.

ನಾಡು ಕಟ್ಟಿದ ಕೊರಳು

ಒಟ್ಟಿಗೆ ಹಾಡುವ ಅಭ್ಯಾಸ ದೇವರ ಮನೆಯಲ್ಲೇ ನಿಲ್ಲಲಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯವನ್ನು ಹಾರೈಸಿ ಬರೆದ ಗೀತೆಯನ್ನು ಹಾಡಲಾಯಿತು. ಆ ಅಧಿವೇಶನದಲ್ಲಿ ಹಾಡಿದವರಲ್ಲಿ ಮುಂದೆ ಗಂಗೂಬಾಯಿ ಹಾನಗಲ್ ಎಂದು ಪ್ರಸಿದ್ಧರಾದ ಬಾಲಕಿಯೂ ಇದ್ದರು. ಕನ್ನಡ ಸೀಮೆ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು. ಭೂಪಟದಲ್ಲಿ ಒಂದಾಗುವುದಕ್ಕೆ ಮೂರು ದಶಕ ಮೊದಲೇ ಹಾಡಿನಲ್ಲಿ ಒಂದಾಗಿತ್ತು.

2004ರಲ್ಲಿ ಕುವೆಂಪು ಅವರ ಗೀತೆ ನಾಡಗೀತೆಯೆಂದು ಘೋಷಣೆಯಾದಾಗ ಅದರಲ್ಲಿ ಯಾವ ಆಚಾರ್ಯರ ಹೆಸರಿರಬೇಕೆಂಬ ಚರ್ಚೆ ನಡೆಯಿತು. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಇನ್ನೂ ಬಹಳ ಕಾಲ ಎಳೆಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಹಾಡಿನ ಧಾಟಿಗಾಗಿ ಸರ್ಕಾರಿ ಆದೇಶವೇ ಬೇಕಾಯಿತೇ ಎಂದು ನಗುವವರಿರಬಹುದು. ಆದರೆ ಎಲ್ಲರೂ ಒಟ್ಟಿಗೆ ಹಾಡಬೇಕಾದ ಹಾಡಿಗೆ ಒಂದೇ ಧಾಟಿ ಬೇಕೆಂಬುದು ಭಜನೆ ಮನೆಯ ಹಳೆಯ ನಿಯಮವೇ.

ಹಾಡಿಗೆ ಸಿಕ್ಕ ಜಾಗ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಹಾಡು ದಾಟಿದ ಹೊಸಿಲನ್ನೆಲ್ಲ ಹಾಡುವವರು ದಾಟಲಿಲ್ಲ. ಉಡುಪಿಯಲ್ಲಿ ಕನಕದಾಸರಿಗೆ ಬಾಗಿಲು ತೆರೆಯದೆ ಕಿಂಡಿಯ ಮೂಲಕ ದರ್ಶನವಾಯಿತೆಂಬ ಐತಿಹ್ಯವನ್ನು ನಾಡು ಭಕ್ತಿಯಿಂದ ಹೇಳುತ್ತದೆ. ಆ ಕಥೆಯೊಳಗೆ ಮುಚ್ಚಿದ ಬಾಗಿಲೂ ಒಂದಿದೆ. ಜಾತಿ ಹುಟ್ಟಿನಲ್ಲಿಲ್ಲವೆಂದು ಸಾರುವ ಪದಗಳನ್ನು ಒಳಗೆ ಹಾಡುತ್ತಿದ್ದಾಗಲೇ, ಅದೇ ಊರಿನ ದಲಿತರು ಹೊರಗೆ ನಿಂತು ಕೇಳಬೇಕಾದ ಹಳ್ಳಿಗಳು ಎಷ್ಟೋ ಇದ್ದವು. ಅವರು ತಮ್ಮ ಕೇರಿಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡಿದರು. ಗುರುವಿನ ಪದಕ್ಕೆ ಗುಡಿಯ ಅಪ್ಪಣೆ ಬೇಕಿರಲಿಲ್ಲ. ನಾಡಿನ ತತ್ವಪದ ಸಂಪತ್ತಿನ ಬಹುಭಾಗ ಉಳಿದಿರುವುದು ಇಂಥ ಕೊರಳುಗಳಲ್ಲಿ ಎಂಬುದನ್ನು ಮರೆಯಬಾರದು.

ಇದಕ್ಕೆ ಬೇರೆ ಮಾದರಿಯೂ ಇದೇ ರೈಲು ಹಾದಿಯಲ್ಲಿದೆ. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಬೆಳಿಗ್ಗೆ, ಸಂಜೆ ಒಟ್ಟಿಗೆ ಕುಳಿತು ಪ್ರಾರ್ಥನೆ ಮಾಡುತ್ತಾರೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ಕೇಳದೆ ಮಕ್ಕಳನ್ನು ಸೇರಿಸಿಕೊಂಡು ಬೆಳೆಸಿದ ಪದ್ಧತಿ ಅದು. ಅಲ್ಲಿ ಓದಿದ ಹುಡುಗ ಯಾವ ಊರಿಗೆ ಹೋದರೂ ಆ ಸಾಲುಗಳು ಅವನ ಜೊತೆ ಹೋಗುತ್ತವೆ. ಪಕ್ಕದಲ್ಲಿ ಕುಳಿತು ಹಾಡಿದವನ ಜಾತಿ ಯಾವುದೆಂಬುದು ಅವನಿಗೆ ನೆನಪಿರುವುದಿಲ್ಲ.

ಈಗಿನ ಆತಂಕ ಬೇರೆ ರೀತಿಯದು. ಆಕಾಶವಾಣಿಯ ಬೆಳಗಿನ ಭಕ್ತಿಗೀತೆಗಳು ಹಳ್ಳಿಯ ಪದಗಳಿಗೆ ಹೊಸ ಕೇಳುಗರನ್ನು ತಂದವು. ಮಲ್ಲಿಕಾರ್ಜುನ ಮನಸೂರರ ವಚನ, ಭೀಮಸೇನ ಜೋಶಿಯವರ ದಾಸವಾಣಿ, ಸಿ. ಅಶ್ವತ್ಥರ ಷರೀಫ ಗೀತೆಗಳು ನಗರದ ಮನೆಗಳಿಗೂ ಹೋದವು. 1980ರ ದಶಕದ ಕ್ಯಾಸೆಟ್ಟುಗಳು, ಆಮೇಲೆ ಸಿ.ಡಿ., ಈಗಿನ ಮೊಬೈಲ್ ಫೋನು ಈ ಕೆಲಸವನ್ನು ಇನ್ನಷ್ಟು ಸುಲಭ ಮಾಡಿದವು. ಆದರೆ ಹಬ್ಬದ ದಿನ ಗುಡಿಯ ಮೈಕಿನಲ್ಲಿ ಹೆಸರಾಂತ ಗಾಯಕರ ಧ್ವನಿ ಬರತೊಡಗಿದಾಗ ಊರಿನ ಒರಟು ಕೊರಳುಗಳು ನಾಚಿ ಹಿಂದೆ ಸರಿದವು. ತಾಳಗಳು ಗೂಡಿನಲ್ಲಿ ಕಿಲುಬು ಹಿಡಿದವು. ಹಾಡು ಮೊದಲಿಗಿಂತ ಇಂಪಾಯಿತು, ಹಾಡುವವರು ಕಡಿಮೆಯಾದರು.

ಪೂರ್ತಿ ನಿರಾಶೆ ಪಡಬೇಕಿಲ್ಲ. ಪಟ್ಟಣಗಳಲ್ಲಿ ಮಹಿಳಾ ಭಜನಾ ಮಂಡಳಿಗಳು ಹೆಚ್ಚಾಗಿವೆ. ಮನೆಗೆಲಸ ಮುಗಿಸಿ ವಾರಕ್ಕೊಮ್ಮೆ ಸೇರುವ ಹೆಂಗಸರು ನೋಟು ಪುಸ್ತಕದಲ್ಲಿ ಪದ ಬರೆದುಕೊಂಡು ಕಲಿಯುತ್ತಿದ್ದಾರೆ. ಹಿಂದೆ ಗಂಡಸರದ್ದೇ ಆಗಿದ್ದ ಭಜನೆಯ ಚಾಪೆಯಲ್ಲಿ ಅವರಿಗೆ ಜಾಗ ಸಿಕ್ಕಿದೆ. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಧನುರ್ಮಾಸ ಬಂತೆಂದರೆ ಕತ್ತಲು ಹರಿಯುವ ಮುನ್ನ ತಾಳ ಹಿಡಿದು ಹೊರಡುವ ಹಿರಿಯರೂ ಇದ್ದಾರೆ. ಅವರ ಬಳಿ ಪುಸ್ತಕವಿರುವುದಿಲ್ಲ. ಹಿಂದೆ ನಡೆಯುವ ಹುಡುಗರು ಪಲ್ಲವಿ ಹಿಡಿದರೆ ಚರಣ ತಾನಾಗಿ ಬರುತ್ತದೆ. ಹುಡುಗರು ಬಾರದಿದ್ದರೆ ಮುಂದಿನವರು ಎಷ್ಟು ಚೆನ್ನಾಗಿ ಹಾಡಿದರೂ ಅದು ಭಜನೆಯೆನಿಸುವುದಿಲ್ಲ.